ಬೈಲಪ್ಪನ ಜೇಬುಚಾಕು

"ಗುರುಗಳೇ, ಜನ ನನ್ನನ್ನು ಯಾಕೆ ಕರೆಯುವುದಿಲ್ಲ?" ಎಂದು ಅಡವೀಶ ಕೇಳಿದ.

ಸಂಜೆಯ ಪಾಠ ಮುಗಿದಿತ್ತು. ಉಳಿದ ಶಿಷ್ಯರು ಎದ್ದುಹೋಗಿದ್ದರು. ಅಡವೀಶ ಮಾತ್ರ ಚಾಪೆಯ ಅಂಚು ಹಿಡಿದುಕೊಂಡು ಕೂತೇ ಇದ್ದ.

"ಯಾವ ಜನ?" ಎಂದರು ಗುರುಗಳು.

"ಮಠಕ್ಕೆ ಬರುವವರು. ಬಂದವರೆಲ್ಲ ಪರ್ವತಯ್ಯ ಎಲ್ಲಿ, ಪರ್ವತಯ್ಯ ಎಲ್ಲಿ ಎಂದೇ ಕೇಳುತ್ತಾರೆ. ಅವನು ನನಗಿಂತ ಆಮೇಲೆ ಇಲ್ಲಿಗೆ ಸೇರಿದವನು. ಅವನಿಗೆ ಬರುವ ಪಾಠ ನನಗೂ ಬರುತ್ತದೆ. ಅವನಿಗೆ ಗೊತ್ತಿರುವ ಮದ್ದು ನನಗೂ ಗೊತ್ತು. ಕರೆದರೆ ಬರುವುದಿಲ್ಲ ಎಂದು ನಾನು ಯಾವತ್ತಾದರೂ ಅಂದಿದ್ದೇನೆಯೇ? ಹೇಳಿಕೊಳ್ಳಲು ನಾಚಿಕೆ, ಗುರುಗಳೇ. ಅವನ ಹೆಸರು ಕಿವಿಗೆ ಬಿದ್ದರೆ ಈಗ ನನಗೆ ಹೊಟ್ಟೆ ಉರಿಯುತ್ತದೆ."

"ಉರಿಯುತ್ತದೆ ಎಂದು ಬಾಯಿಬಿಟ್ಟು ಹೇಳಿದೆಯಲ್ಲ, ಅಷ್ಟಾದರೂ ವಾಸಿ. ಒಳಗೇ ಇಟ್ಟುಕೊಂಡು ಹಲ್ಲು ಕಿರಿಯುತ್ತಾ ಓಡಾಡುವವರನ್ನು ಕಂಡರೆ ನನಗೆ ಭಯ. ಸರಿಯಾಗಿ ಕೂತುಕೋ. ಒಬ್ಬ ತೋಟದವನ ಕತೆ ಹೇಳುತ್ತೇನೆ. ಮಧ್ಯದಲ್ಲಿ ಬಾಯಿ ಹಾಕಬೇಡ" ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಬೈಲಪ್ಪ ಎಂಬ ಒಬ್ಬ ತೋಟದವನಿದ್ದ. ತರಕಾರಿ ಬೆಳೆಯುತ್ತಿದ್ದ. ಅವನ ಪಕ್ಕದ ತೋಟ ಕೆಂಚೀರಯ್ಯನದು. ಇಬ್ಬರಿಗೂ ಸೇರಿ ಒಂದೇ ಬಾವಿ, ಒಂದೇ ಕಪಿಲೆ. ಕಪಿಲೆ ಹೊಡೆಯುವುದನ್ನು ನೀನು ನೋಡಿರುತ್ತೀಯ. ಎತ್ತುಗಳು ಇಳಿಜಾರಿನಲ್ಲಿ ಕೆಳಕ್ಕೆ ನಡೆದರೆ ನೀರು ತುಂಬಿದ ತೊಗಲಿನ ಚೀಲ ಬಾವಿಯಿಂದ ಮೇಲೆ ಬಂದು ಕಾಲುವೆಗೆ ಸುರಿಯುತ್ತದೆ. ಅವೇ ಎತ್ತುಗಳು ಹಿಂದಿಂದಕ್ಕೆ ಹೆಜ್ಜೆ ಇಡುತ್ತಾ ಬಾವಿಯ ಬಾಯಿಯ ತನಕ ಬಂದರೆ ಖಾಲಿ ಚೀಲ ಮತ್ತೆ ನೀರಿಗೆ ಇಳಿಯುತ್ತದೆ. ಈ ಕೆಲಸಕ್ಕೆ ಜೋಡಿ ಎತ್ತು ಬೇಕು. ಇವರಿಬ್ಬರ ಹತ್ತಿರ ಇದ್ದದ್ದು ಒಂದೊಂದೇ. ಅದಕ್ಕೇ ಕೂಡೆತ್ತು ಕಟ್ಟುತ್ತಿದ್ದರು. ಬೈಲಪ್ಪನದೊಂದು ಎತ್ತು, ಕೆಂಚೀರಯ್ಯನದೊಂದು ಎತ್ತು, ಎರಡಕ್ಕೂ ಒಂದೇ ನೊಗ. ಒಬ್ಬ ಕಪಿಲೆ ಹೊಡೆದರೆ ಇನ್ನೊಬ್ಬ ಮಡಿಗಳಿಗೆ ನೀರು ತಿರುಗಿಸುತ್ತಿದ್ದ. ಹೀಗೆ ಎರಡೂ ತೋಟ ಹಸಿರಾಗಿದ್ದವು.

ಕೂಡೆತ್ತು ಕಟ್ಟುವವರಲ್ಲಿ ಒಂದು ಮರ್ಯಾದೆ ಇದೆ. ನೊಗ ಇಳಿಸುವಾಗ ತನ್ನ ಎತ್ತಿನ ಕೊರಳ ಹಗ್ಗಕ್ಕೆ ಮೊದಲು ಕೈಹಾಕಬಾರದು. ಜೊತೆಗಾರನ ಎತ್ತಿನದನ್ನು ಮೊದಲು ಬಿಚ್ಚಬೇಕು, ಆಮೇಲೆ ತನ್ನದು. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆಯೋ ಗೊತ್ತಿಲ್ಲ. ಅದನ್ನು ತಪ್ಪಿದವನ ಜೊತೆ ಆ ಊರಿನಲ್ಲಿ ಯಾರೂ ನೊಗ ಹಂಚಿಕೊಳ್ಳುತ್ತಿರಲಿಲ್ಲ. ಇವರಿಬ್ಬರೂ ಯಾವತ್ತೂ ತಪ್ಪಿದವರಲ್ಲ.

ಕೆಂಚೀರಯ್ಯನ ಅಂಗಿಯ ಜೇಬಿನಲ್ಲಿ ಒಂದು ಮಡಚುವ ಚಾಕು ಇರುತ್ತಿತ್ತು. ಅಂಥ ಚೆಂದದ್ದೇನೂ ಅಲ್ಲ. ಹಿಡಿ ಸೀಳಿಹೋಗಿ, ಅದಕ್ಕೆ ದಾರ ಸುತ್ತಿತ್ತು. ಅದರಲ್ಲೇ ಬದನೆಯ ತೊಟ್ಟು ಕೊಯ್ಯುತ್ತಿದ್ದ, ಅದರಲ್ಲೇ ಬಾಳೆನಾರು ಸೀಳುತ್ತಿದ್ದ, ಅದನ್ನೇ ಪಂಚೆಗೆ ಒರೆಸಿಕೊಂಡು ಸೌತೆಕಾಯಿ ಹೆಚ್ಚಿ ತಿನ್ನುತ್ತಿದ್ದ. ಯಾರದಾದರೂ ಕಾಲಿಗೆ ಮುಳ್ಳು ನೆಟ್ಟರೆ, ಯಾರದಾದರೂ ಮೂಟೆಯ ಗಂಟು ಬಿಗಿದುಕೊಂಡರೆ, ಹಲ್ಲಿಲ್ಲದ ತಾತನಿಗೆ ಅಡಿಕೆ ಚೂರು ಮಾಡಬೇಕಾದರೆ, ಕೂಗು ಒಂದೇ. "ಕೆಂಚೀರಣ್ಣಾ, ಚಾಕು!" ಅವನು ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಹಿಡಿಯನ್ನು ಮುಂದೆಮಾಡಿ ಚಾಕು ಚಾಚುತ್ತಿದ್ದ. ಎಷ್ಟೋ ಸಲ ಯಾರಿಗೆ ಕೊಟ್ಟೆ ಅಂತಲೂ ಮರೆತುಬಿಡುತ್ತಿದ್ದ. ಸಂಜೆಯ ಹೊತ್ತಿಗೆ ಅದು ಹೇಗೋ ಅವನ ಜೇಬಿಗೆ ವಾಪಸು ಬಂದಿರುತ್ತಿತ್ತು.

ಬೈಲಪ್ಪನಿಗೆ ಇದರಿಂದ ಏನು ಕಷ್ಟ? ಏನೂ ಇಲ್ಲ. ಅವನ ಬದನೆ ಕೆಂಚೀರಯ್ಯನ ಬದನೆಗಿಂತ ದಪ್ಪ. ಅವನ ಮನೆ ಕೆಂಚೀರಯ್ಯನ ಮನೆಗಿಂತ ದೊಡ್ಡದು. ಅವನ ಎತ್ತು ಕೂಡ ಒಂದು ಕೈ ಮೇಲೇ. ಆದರೆ "ಕೆಂಚೀರಣ್ಣಾ, ಚಾಕು" ಎಂಬ ಕೂಗು ಕೇಳಿದಾಗೆಲ್ಲ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಕಡೆಯೇ ನೋಡುತ್ತಿದ್ದ. ಅದೇ ಬಾವಿ, ಅದೇ ನೊಗ, ಅದೇ ಕಾಲುವೆ. ಹೆಸರು ಮಾತ್ರ ಅವನದು ಏಕೆ? ನಾನೇನು ಬೇಲಿಗೂಟವೇ? ಹೀಗೆ ಯೋಚಿಸುತ್ತಾ ಅವನು ಊಟ ಮಾಡುತ್ತಿದ್ದ, ಯೋಚಿಸುತ್ತಾ ಮಲಗುತ್ತಿದ್ದ.

ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಅವನ ಹೆಂಡತಿ ದ್ಯಾವಮ್ಮನ ಬಾಯಲ್ಲಿ ಆ ಕೂಗು ಬಂದಾಗ. ಹೆಂಡತಿಯ ಮೇಲೆ ಅನುಮಾನವೇ ಅಂದುಕೊಳ್ಳಬೇಡ. ಛೇ, ಅದಲ್ಲ. ಹಾಗಿದ್ದರೆ ಒಂದು ಜಗಳವಾಡಿ ತೀರಿಸಿಕೊಳ್ಳಬಹುದಿತ್ತು. ಸೊಪ್ಪಿನ ಕಟ್ಟು ಕಟ್ಟುತ್ತಾ ಕೂತಿರುತ್ತಾಳೆ, ಗಂಡ ಎದುರಿಗೇ ನಿಂತಿರುತ್ತಾನೆ, ನಾರು ಕೊಯ್ಯಬೇಕು ಅಂದರೆ ಆ ಬದಿಯ ತೋಟಕ್ಕೆ ಕತ್ತು ತಿರುಗಿಸಿ ಕೂಗುತ್ತಾಳೆ. ಗಂಡನ ಮೈ ಧಗ್ಗೆನ್ನುತ್ತದೆ. ಅವಳಿಗೆ ಅದು ಗೊತ್ತೂ ಇಲ್ಲ.

ಒಂದು ದಿನ ಅವನು ತಡೆಯಲಾರದೆ ಕೇಳಿಯೇಬಿಟ್ಟ. "ಏನೇ, ನಮ್ಮ ಮನೇಲಿ ಒಂದು ಚಾಕುವಿಗೂ ಗತಿ ಇಲ್ವಾ?"

"ಅಯ್ಯೋ, ಚಾಕುವಿಗೇನು ಬರ? ಕೆಂಚೀರಣ್ಣನ ಹತ್ರ ಇದೆಯಲ್ಲ" ಎಂದಳು ದ್ಯಾವಮ್ಮ.

ಆ ರಾತ್ರಿ ಬೈಲಪ್ಪನಿಗೆ ಅನ್ನ ಸೇರಲಿಲ್ಲ. ಬೆಳಗಾದ ಕೂಡಲೇ ಕಮ್ಮಾರನ ಹತ್ತಿರ ಹೋದ. ಒಳ್ಳೆಯ ಉಕ್ಕಿನದೇ ಆಗಬೇಕು, ಹಿಡಿ ಕೊಂಬಿನದೇ ಆಗಬೇಕು, ಮಡಚಿದರೆ ಟಕ್ ಎಂದು ಸದ್ದಾಗಬೇಕು ಎಂದು ಪಕ್ಕದಲ್ಲೇ ಕೂತು ಮಾಡಿಸಿಕೊಂಡ. ಅಷ್ಟು ಹರಿತವಾದ ಚಾಕು ಆ ಹೋಬಳಿಯಲ್ಲೇ ಇರಲಿಲ್ಲ. ಅದನ್ನು ಜೇಬಿಗಿಳಿಸಿ ತೋಟಕ್ಕೆ ಬಂದಾಗ ಅವನ ನಡಿಗೆಯೇ ಬೇರೆಯಾಗಿತ್ತು. ಇನ್ನು ನೋಡೋಣ, ಯಾರ ಹೆಸರು ಕೂಗುತ್ತಾರೆ ಅಂತ.

ಯಾರ ಹೆಸರು ಕೂಗಿದರು? ಕೆಂಚೀರಯ್ಯನದೇ.

ಪಾಪ, ಬೈಲಪ್ಪ ಏನೇನು ಮಾಡಿದ! ಹೆಂಗಸರು ಸೊಪ್ಪು ಕಟ್ಟುವಲ್ಲಿಗೆ ಹೋಗಿ ನಿಂತ. ಕೆಮ್ಮಿದ. ಚಾಕು ತೆಗೆದು ಬಿಚ್ಚಿದ, ಟಕ್ ಎಂದು ಮಡಚಿದ, ಮತ್ತೆ ಬಿಚ್ಚಿದ. ಬಿಸಿಲಿಗೆ ಹಿಡಿದು ಅಲಗು ನೋಡಿದ. ಅಲ್ಲಿದ್ದ ಒಬ್ಬಳು ತಲೆಯೆತ್ತಿ, "ಬೈಲಪ್ಪಣ್ಣ, ಒಂಚೂರು ಆಚೆ ನಿಂತ್ಕೋ. ಕೆಂಚೀರಣ್ಣ ಎಲ್ಲವ್ನೆ ಅಂತ ಕಾಣಿಸ್ತಿಲ್ಲ" ಎಂದಳು. ಅವನು ಆಚೆ ನಿಂತ.

ನಗಬೇಡ ಅಡವೀಶ. ನಗುವುದಕ್ಕೆ ನಿನಗೆ ಅಷ್ಟು ಅವಸರ ಬೇಡ.

ಅವನು ಒಂದು ಸಲವಾದರೂ ಬಗ್ಗಿ, ಆ ನಾರನ್ನು ತಾನೇ ಕೊಯ್ದು ಕೊಡಬಹುದಿತ್ತು. ಒಂದು ಸಲವಾದರೂ "ಇಗೋ, ನನ್ನ ಹತ್ತಿರವೂ ಇದೆ" ಎನ್ನಬಹುದಿತ್ತು. ಎನ್ನಲಿಲ್ಲ. ತಾನಾಗಿ ಕೊಟ್ಟರೆ ಅದಕ್ಕೇನು ಬೆಲೆ? ಅವರಾಗಿ ಕೇಳಬೇಕು. ಹೆಸರು ಹಿಡಿದು ಕೇಳಬೇಕು. ಅದರಲ್ಲೂ ದ್ಯಾವಮ್ಮ ಕೇಳಬೇಕು. ಇದು ಅವನ ಹಟ. ದಿನಾ ಬೆಳಗ್ಗೆ ಆ ಚಾಕುವನ್ನು ಕಲ್ಲಿನ ಮೇಲೆ ಮಸೆಯುತ್ತಿದ್ದ. ದಿನಾ ಸಂಜೆ ಒಂದು ಎಳೆ ದಾರವನ್ನೂ ಕೊಯ್ಯದ ಚಾಕುವನ್ನು ಮನೆಗೆ ತರುತ್ತಿದ್ದ. ಮಸೆದಷ್ಟೂ ಅಲಗು ಚುರುಕಾಯಿತು, ಹೊಟ್ಟೆಕಿಚ್ಚೂ ಚುರುಕಾಯಿತು. ಕೆಂಚೀರಯ್ಯನ ಆ ಹಾಳು ಚಾಕು ಎಲ್ಲಾದರೂ ಬಿದ್ದುಹೋಗಬಾರದೇ ಎಂದು ದೇವರಿಗೆ ಕೈಮುಗಿದದ್ದೂ ಉಂಟು. ದೇವರಿಗೆ ಬೇರೆ ಕೆಲಸವಿತ್ತು.

ಒಂದು ದಿನ ಬೈಲಪ್ಪ ಕಪಿಲೆ ಹೊಡೆಯುತ್ತಿದ್ದ. ಕೆಂಚೀರಯ್ಯ ದೂರದಲ್ಲಿ, ಬೆಂಡೆಯ ಮಡಿಗಳಿಗೆ ನೀರು ತಿರುಗಿಸುತ್ತಿದ್ದ. ದ್ಯಾವಮ್ಮ ಬಾವಿಯ ಹತ್ತಿರದ ಕಾಲುವೆಯಲ್ಲಿ ಮೂಲಂಗಿ ತೊಳೆಯುತ್ತಿದ್ದಳು. ದಾರಿಯಲ್ಲಿ ಹೋಗುವ ಗಾಡಿಯವನೊಬ್ಬ ಗಾಡಿ ನಿಲ್ಲಿಸಿ, ಬಾವಿಯ ಹತ್ತಿರ ನಿಂತಿದ್ದ ಬೈಲಪ್ಪನನ್ನು ದಾಟಿಕೊಂಡು, ಅಷ್ಟು ದೂರ ನಡೆದು, ಕೆಂಚೀರಯ್ಯನ ಹತ್ತಿರ ಚಾಕು ಇಸಕೊಂಡು, ಅಲ್ಲೇ ತನ್ನ ಚಾವಟಿಯ ತುದಿ ಕೊಯ್ದು ಸರಿಮಾಡಿಕೊಂಡು ಹೋದ. ಪರವೂರಿನವನು! ಅವನಿಗೂ ಯಾರು ಹೇಳಿದರು? ಬೈಲಪ್ಪನ ಕಣ್ಣು ಆ ಗಾಡಿಯ ಹಿಂದೆಯೇ ಹೋಯಿತು. ಎತ್ತಿನ ಕಡೆ ಗಮನ ಇರಲಿಲ್ಲ.

ಅಷ್ಟರಲ್ಲಿ ಮೇಲೆ ಬಂದ ಚೀಲದ ಬಾಯಿ ಮಡಚಿಕೊಂಡು ನೀರು ಸುರಿಯಲೇ ಇಲ್ಲ. ಬೈಲಪ್ಪ ಅದನ್ನು ನೋಡಲಿಲ್ಲ. ಚೀಲ ಖಾಲಿಯಾಗಿದೆ ಎಂದುಕೊಂಡು ಎತ್ತುಗಳನ್ನು ಹಿಂದಕ್ಕೆ ಬಿಟ್ಟ. ತುಂಬಿದ ಚೀಲ ಧಡಾರನೆ ಬಾವಿಗಿಳಿಯಿತು. ಅದರ ಭಾರಕ್ಕೆ ಎರಡೂ ಎತ್ತುಗಳು ಹಿಂದಕ್ಕೆ ಜಗ್ಗಿಹೋದವು. ಕಾಲಡಿಯೆಲ್ಲ ಕೆಸರು, ಗೊರಸು ಊರಲು ನೆಲ ಸಿಗಲಿಲ್ಲ. ಒಂದು ಎತ್ತು ಮಂಡಿಯೂರಿತು. ಬಾವಿಯ ಅಂಚಿನ ಕಲ್ಲು ಇನ್ನೇನು ಅವುಗಳ ಹಿಂಗಾಲಿಗೆ ತಾಗಬೇಕು.

ನೀರೆಳೆಯುವ ದೊಡ್ಡ ಹಗ್ಗ ಮುಂಗೈ ಗಾತ್ರದ್ದು, ಅದು ಚಾಕುವಿಗೆ ಬಗ್ಗುವುದಲ್ಲ. ಆದರೆ ಕೊರಳ ಹಗ್ಗ ಸಣ್ಣದು. ಒಂದೊಂದು ಎಳೆತ ಸಾಕು, ಎರಡು ಎತ್ತೂ ನೊಗದಿಂದ ಬಿಡುಗಡೆ. ಬೈಲಪ್ಪ ಎತ್ತುಗಳ ಕೊರಳ ಪಕ್ಕದಲ್ಲೇ ಇದ್ದ. ಅವನ ಕೈ ಜೇಬಿಗೆ ಹೋಯಿತು. ಚಾಕು ಮುಷ್ಟಿಗೆ ಸಿಕ್ಕಿತು.

ಆಗ ದ್ಯಾವಮ್ಮ ಎದೆ ಒಡೆದುಹೋಗುವ ಹಾಗೆ ಕಿರುಚಿದಳು. "ಕೆಂಚೀರಣ್ಣಾ, ಚಾಕೂ!"

ಬೈಲಪ್ಪನ ಕೈ ಜೇಬಿನೊಳಗೇ ನಿಂತಿತು.

ಎಷ್ಟು ಹೊತ್ತು ನಿಂತಿತು ಎಂದು ಕೇಳಬೇಡ. ಬಹಳ ಹೊತ್ತಲ್ಲ. ಕೂಗಲಿ, ಅವನನ್ನೇ ಕೂಗಲಿ. ಇಲ್ಲಿ ನಾನಿಲ್ಲವೇ? ಗಂಡನಾಗಿ, ಮೊಳದ ದೂರದಲ್ಲಿ, ಹರಿತವಾದ ಚಾಕು ಹಿಡಿದುಕೊಂಡು ನಾನಿಲ್ಲವೇ? ಒಂದೇ ಒಂದು ಸಲ ನನ್ನ ಹೆಸರು ಕೂಗಲಿ, ಎರಡೂ ಹಗ್ಗ ಕೊಯ್ದುಹಾಕುತ್ತೇನೆ. ಇಷ್ಟೇ ಅವನ ಮನಸ್ಸಿನಲ್ಲಿ ಬಂದದ್ದು. ಇಷ್ಟು ಬಂದುಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವನು ನಿಂತಿದ್ದ. ಅವಳು ಎರಡನೆಯ ಸಲವೂ ಕೂಗಿದಳು. ಎರಡನೆಯ ಸಲವೂ ಅದೇ ಹೆಸರು.

ಎತ್ತುಗಳು ಅಂಚಿನ ಕಲ್ಲಿಗೆ ಹಿಂಗಾಲು ಕೊಟ್ಟು ಇನ್ನೂ ಹೇಗೋ ಹೆಣಗುತ್ತಿದ್ದವು. ಕೆಂಚೀರಯ್ಯ ಬೆಂಡೆಗಿಡಗಳನ್ನು ತುಳಿದುಕೊಂಡು ಓಡಿಬಂದ. ಚಾಕು ಬಿಚ್ಚಿಕೊಂಡೇ ಬಂದ. ಯೋಚನೆ ಮಾಡಲು ಅವನಿಗೆ ಪುರಸೊತ್ತಿರಲಿಲ್ಲ, ಕೈ ದಿನದ ರೂಢಿಯ ಹಾಗೆ ಹೋಯಿತು. ಜೊತೆಗಾರನ ಎತ್ತಿನ ಕೊರಳ ಹಗ್ಗ ಮೊದಲು. ಒಂದೇ ಎಳೆತಕ್ಕೆ ಅದು ಹರಿಯಿತು. ಬೈಲಪ್ಪನ ಎತ್ತು ಮುಂದಕ್ಕೆ ಮುಗ್ಗರಿಸಿ ಎದ್ದು ಓಡಿತು. ಕೆಂಚೀರಯ್ಯ ತನ್ನ ಎತ್ತಿನ ಕಡೆ ತಿರುಗಿದ. ಎರಡು ಎತ್ತುಗಳು ತಡೆಯಲಾರದ ಭಾರವನ್ನು ಒಂದು ಎತ್ತು ಹೇಗೆ ತಡೆದೀತು? ನೊಗ ಅವನ ಕೈಗೆ ಬಡಿಯಿತು, ಚಾಕು ಹಾರಿ ಬಾವಿಗೆ ಬಿತ್ತು, ಅದರ ಹಿಂದೆಯೇ ಎತ್ತು ಹೋಯಿತು. ಕೆಂಚೀರಯ್ಯ ಬಾವಿಯ ಕಟ್ಟೆಯ ಮೇಲೆ ಬಿದ್ದು ಗಂಡಸೆನ್ನುವುದನ್ನೂ ಮರೆತು ಅತ್ತ.

ಊರೇ ಬಂತು. ಕೆಂಚೀರಯ್ಯನನ್ನು ಸುತ್ತುಗಟ್ಟಿತು. ಒಬ್ಬರು ಬೆನ್ನು ಸವರಿದರು, ಒಬ್ಬರು ನೀರು ಕುಡಿಸಿದರು, ಒಬ್ಬರು "ನನ್ನ ಕೊಟ್ಟಿಗೆಯ ಎತ್ತು ಹೊಡ್ಕೊಂಡು ಹೋಗಯ್ಯ, ಇದೊಂದು ಬೆಳೆ ಮುಗಿಯೋವರೆಗೆ ಇಟ್ಕೋ" ಎಂದರು. ತನ್ನದನ್ನು ಬಿಟ್ಟು ಜೊತೆಗಾರನ ಎತ್ತು ಉಳಿಸಿದನಲ್ಲ ಎಂದು ಎಲ್ಲರ ಕಣ್ಣಲ್ಲೂ ನೀರು. ಬೈಲಪ್ಪ ಬೇಲಿಯ ಹತ್ತಿರ ತನ್ನ ಎತ್ತಿನ ಮೂಗುದಾರ ಹಿಡಿದು ನಿಂತಿದ್ದ. ಆಗ ಅವನ ಮನಸ್ಸಿನಲ್ಲಿ ಏನಿತ್ತು ಹೇಳಲೇ? ಅವನಿಗೆ ಆಗಲೂ ಹೊಟ್ಟೆಕಿಚ್ಚು! ಎತ್ತು ಸತ್ತದ್ದಕ್ಕೂ ಅವನ ಹತ್ತಿರವೇ ಜನ. ನನ್ನನ್ನು ಏನಯ್ಯಾ ಎಂದು ಒಬ್ಬರಾದರೂ ಕೇಳಿದರೇ? ನಷ್ಟವೂ ಅವನ ಪಾಲಿಗೇ ಬರಬೇಕಿತ್ತೇ? ಹೀಗಂದುಕೊಂಡು ತಾನೇ ಬೆಚ್ಚಿಬಿದ್ದ. ಆದರೂ ಅಂದುಕೊಂಡದ್ದು ಅಂದುಕೊಂಡದ್ದೇ.

ಗಂಡಸರು ಬಾವಿಗಿಳಿದು, ಹಗ್ಗ ಕಟ್ಟಿ, ಸತ್ತ ಎತ್ತನ್ನು ಮೇಲೆ ಎಳೆದುಹಾಕಿದರು. ನೊಗ ಇನ್ನೂ ಅದರ ಕೊರಳಲ್ಲೇ ಇತ್ತು. ಕೊರಳ ಹಗ್ಗ ನೆನೆದು ಮಾಂಸಕ್ಕೆ ಕಚ್ಚಿಕೊಂಡಿತ್ತು, ಬಿಚ್ಚಲು ಬರುತ್ತಿರಲಿಲ್ಲ. ನೊಗ ಹೊತ್ತ ಎತ್ತನ್ನು ಹಾಗೇ ಮಣ್ಣು ಮಾಡಬಾರದಲ್ಲ. ಕೆಂಚೀರಯ್ಯ ಅಭ್ಯಾಸಬಲದಿಂದ ಜೇಬಿಗೆ ಕೈಹಾಕಿದ. ಜೇಬು ಖಾಲಿ. ಸುತ್ತ ನೋಡಿದ. ಅವನ ಕಣ್ಣು ಬೇಲಿಯ ಕಡೆ ಬಂದು ನಿಂತಿತು.

"ಬೈಲಪ್ಪ, ನಿನ್ನ ಹತ್ರ ಒಂದು ಚಾಕು ಇತ್ತಲ್ಲ. ಕೊಡಯ್ಯ" ಎಂದ.

ಹೆಸರು ಹಿಡಿದು ಕೇಳಿದ. ಊರೆಲ್ಲ ಕೇಳುವ ಹಾಗೆ ಕೇಳಿದ. ಬೈಲಪ್ಪ ಇಷ್ಟು ದಿನ ಕಾದದ್ದು ಇದಕ್ಕೇ ಅಲ್ಲವೇ? ಅವನು ನಡೆದುಬಂದು ಜೇಬಿನಿಂದ ಚಾಕು ತೆಗೆದು ಕೊಟ್ಟ. ಆ ಚಾಕು ಕೊಯ್ದ ಮೊದಲ ಹಗ್ಗ ಅದು. ಬೆಣ್ಣೆಯ ಹಾಗೆ ಕೊಯ್ದಿತು.

ಕೆಂಚೀರಯ್ಯನಿಗೆ ಆ ದುಃಖದಲ್ಲಿ ಏನೂ ಹೊಳೆಯಲಿಲ್ಲ. ಊರಿನವರಿಗೂ ಹೊಳೆಯಲಿಲ್ಲ. ದ್ಯಾವಮ್ಮ ಮಾತ್ರ ಆ ಚಾಕು ಯಾವ ಜೇಬಿನಿಂದ ಬಂತು ಎಂದು ನೋಡಿದ್ದಳು. ಅವಳ ಮುಖದಲ್ಲಿ ಬಣ್ಣ ಉಳಿಯಲಿಲ್ಲ.

"ಇದು ಆಗಲೂ ನಿನ್ನ ಹತ್ರಾನೇ ಇತ್ತಾ?" ಎಂದು ಮೆಲ್ಲಗೆ ಕೇಳಿದಳು.

"ನೀನು ನನ್ನ ಕೂಗಲಿಲ್ಲ" ಎಂದ ಬೈಲಪ್ಪ.

ಅವಳು ಮೂಲಂಗಿಯ ಬುಟ್ಟಿ ತಲೆಗೆತ್ತಿಕೊಂಡು ಒಬ್ಬಳೇ ಮನೆಯ ದಾರಿ ಹಿಡಿದಳು.

ಕೆಂಚೀರಯ್ಯ ಮತ್ತೆ ಚಾಕು ಕೊಳ್ಳಲಿಲ್ಲ. ಆದ್ದರಿಂದ ಊರಿನವರೆಲ್ಲ ಬೈಲಪ್ಪನನ್ನೇ ಕೇಳತೊಡಗಿದರು. "ಬೈಲಪ್ಪಣ್ಣಾ, ಚಾಕು!" ಎಂದು ಬೆಳಗಿನಿಂದ ಸಂಜೆಯ ತನಕ ಕೂಗಿದರು. ಸೊಪ್ಪಿನವರು ಕೂಗಿದರು, ಗಾಡಿಯವರು ಕೂಗಿದರು, ಹಲ್ಲಿಲ್ಲದ ತಾತ ಕೂಗಿದ. ಅವನು ಕೊಟ್ಟ, ಇಸಕೊಂಡ, ಮತ್ತೆ ಕೊಟ್ಟ. ಒಬ್ಬಳು ಮಾತ್ರ ಕೂಗಲಿಲ್ಲ. ದ್ಯಾವಮ್ಮ ಸೊಪ್ಪಿನ ಕಟ್ಟು ಕಟ್ಟುವಾಗ, ಗಂಡ ಎದುರಿಗೇ ಚಾಕು ಹಿಡಿದು ನಿಂತಿದ್ದರೂ, ಬಾಳೆನಾರನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದಳು. ಅವಳು ಬದುಕಿದ್ದಷ್ಟು ಕಾಲವೂ ಹಾಗೇ ಹರಿದಳು.

ಗುರುಗಳು ಕತೆ ನಿಲ್ಲಿಸಿದರು.

ಅಡವೀಶನಿಗೆ ಕೋಪ ಉಕ್ಕಿಬಂದಿತ್ತು. "ಎಂಥ ಪಾಪಿ ಗುರುಗಳೇ ಅವನು! ಕಣ್ಣೆದುರು ಎತ್ತು ಸಾಯುತ್ತಿದೆ, ಕೈಯಲ್ಲಿ ಚಾಕು ಇದೆ. ಹೆಸರು ಹಿಡಿದು ಕೂಗಲಿ ಎಂದು ಯಾರಾದರೂ ಕಾಯುತ್ತಾರೆಯೇ? ಅವನೂ ಒಬ್ಬ ಮನುಷ್ಯನೇ?"

ಗುರುಗಳು ಅವನ ಮುಖವನ್ನೇ ನೋಡುತ್ತಾ ಕೇಳಿದರು: "ಇವತ್ತು ಬೆಳಗ್ಗೆ ಮಠದ ಕಲ್ಯಾಣಿಯಲ್ಲಿ ಒಬ್ಬ ಮುದುಕಿ ಜಾರಿಬಿದ್ದು 'ಪರ್ವತಯ್ಯಾ' ಎಂದು ಕೂಗಿಕೊಂಡಾಗ, ನೀನು ಯಾವ ಮೆಟ್ಟಿಲ ಮೇಲೆ ಕೂತಿದ್ದೆ?"